ಫಾಗ್ ಲ್ಯಾಂಪ್ ರಿಲೇ ಗುರ್ರೆನ್ನುತ್ತಿದ್ದರೆ ಹೀಗೆ ಮಾಡಿ

ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವವರಿಗೂ ಸಕಲೇಶಪುರ ದಾಟಿ ಶಿರಾಡಿ ಹಿಡಿಯುವವರಿಗೂ ಹಗಲಲ್ಲೇ ಫಾಗ್ ಲ್ಯಾಂಪ್ ಬೇಕಾಗುತ್ತದೆ. ಹಳೇ ಜೀಪಾದರೆ ಪಾರ್ಕಿಂಗ್ ಲೈಟಿನ ವೈರಿನಿಂದ ರಿಲೇಗೆ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್–ಆಫ್ ಮಾಡುವ ಸ್ವಿಚ್) ಒಂದು ಟ್ಯಾಪ್ ಕೊಟ್ಟರೆ ಕೆಲಸ ಮುಗಿಯಿತು. ಈಚಿನ ಹಲವು ಗಾಡಿಗಳಲ್ಲಿ ಹಾಗೆ ಮಾಡಿದರೆ ರಿಲೇ ಗುರ್ರೆನ್ನುತ್ತದೆ, ಲೈಟು ಮಿಣಕುತ್ತದೆ, ಕೊನೆಗೆ ರಿಲೇ ಪಾಯಿಂಟು ಸುಟ್ಟು ಅಂಟಿಕೊಳ್ಳುತ್ತದೆ. ರಿಲೇ ಬದಲಿಸಿ ಪ್ರಯೋಜನವಿಲ್ಲ. ತೊಂದರೆ ಇರುವುದು ಸಿಗ್ನಲ್ಲಿನಲ್ಲಿ.

ಡಿಆರ್‌ಎಲ್ (ಹಗಲಲ್ಲೂ ಉರಿಯುವ ಮುಂದಿನ ಲೈಟು), ಪಾರ್ಕಿಂಗ್ ಲೈಟುಗಳ ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಗಾಡಿಯ ಕಂಟ್ರೋಲ್ ಮಾಡ್ಯೂಲ್ 12 ವೋಲ್ಟನ್ನು ಸೆಕೆಂಡಿಗೆ 100–200 ಸಲ ಕೊಟ್ಟು ಕಡಿಯುತ್ತದೆ. ಇದೇ ಪಿಡಬ್ಲ್ಯುಎಂ (ಪಲ್ಸ್ ವಿಡ್ತ್ ಮಾಡ್ಯುಲೇಷನ್). 100 ಹರ್ಟ್ಸ್ ಎಂದರೆ ಒಂದು ಸುತ್ತಿಗೆ 10 ಮಿಲಿಸೆಕೆಂಡ್. ರಿಲೇ ಕೂರುವುದಕ್ಕೂ ಬಿಡುವುದಕ್ಕೂ ಹಿಡಿಯುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಹಾಗಾಗಿ ಅದು ಪೂರ್ತಿ ಕೂರುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಉಪಾಯವೆಂದರೆ ಈ ಕಡಿದು ಬರುವ ಸಿಗ್ನಲ್ಲನ್ನು ಕೆಪಾಸಿಟರಿನಲ್ಲಿ ಸಮ ಮಾಡಿ, ಅದರಿಂದ ಒಂದು ಎಲೆಕ್ಟ್ರಾನಿಕ್ ಸ್ವಿಚ್ ನಡೆಸಿ ರಿಲೇಗೆ ನೇರ ಕರೆಂಟ್ ಕೊಡುವುದು.

ಮೊದಲು ವೈರನ್ನು ಪರೀಕ್ಷಿಸಿ. ಲೈಟು ಉರಿಯುವಾಗ ಮಲ್ಟಿಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು ವೈರಿಗೂ ಬಾಡಿಗೂ ಹಿಡಿಯಿರಿ. ಬ್ಯಾಟರಿಯಷ್ಟೇ ತೋರಿಸಿದರೆ ನೇರ ಸಪ್ಲೈ, ಈ ಲೇಖನ ನಿಮಗೆ ಬೇಕಿಲ್ಲ. 5, 7 ವೋಲ್ಟ್ ಹೀಗೆ ನಡುವೆ ನಿಂತರೆ ಪಿಡಬ್ಲ್ಯುಎಂ. ಲೈಟಿನ ಒಂದು ವೈರಿನಲ್ಲಿ ಸದಾ 12 ವೋಲ್ಟಿದ್ದು ಅರ್ತ್ (ಗಾಡಿಯ ಬಾಡಿ) ಕಡೆಯ ವೈರ್ ಏರಿಳಿಯುತ್ತಿದ್ದರೆ ಕೆಳಗಿನ ಸರ್ಕ್ಯೂಟ್ ನಡೆಯದು, ಬೇರೆ ವೈರ್ ಹುಡುಕಿ.

ಬೇಕಾದ್ದು: ಐಆರ್‌ಎಲ್‌ಜೆಡ್44ಎನ್ ಮಾಸ್‌ಫೆಟ್ (ಗೇಟ್ ಎಂಬ ಕಾಲಿಗೆ ವೋಲ್ಟ್ ಕೊಟ್ಟರೆ ಆನ್ ಆಗುವ ಎಲೆಕ್ಟ್ರಾನಿಕ್ ಸ್ವಿಚ್) ಒಂದು, 1ಎನ್4007 ಡಯೋಡ್ ಎರಡು, 10ಕೆ ಮತ್ತು 100ಕೆ (ಕೆ ಎಂದರೆ ಸಾವಿರ ಓಮ್) ರೆಸಿಸ್ಟರ್ ಒಂದೊಂದು, 1 ಮೈಕ್ರೋಫ್ಯಾರಡ್ 50 ವೋಲ್ಟ್ ಕೆಪಾಸಿಟರ್, 12 ವೋಲ್ಟ್ ಜೀನರ್ ಡಯೋಡ್ (ಗೇಟಿನ ವೋಲ್ಟೇಜ್ ಮಿತಿ ಮೀರದಂತೆ ತಡೆಯುವುದು), 12 ವೋಲ್ಟಿನ 30 ಅಥವಾ 40 ಆಂಪ್ ರಿಲೇ. ಅಂಗಡಿಯವರು ಐಆರ್‌ಎಫ್‌ಜೆಡ್44ಎನ್ ಕೊಟ್ಟರೆ ರಿಲೇಯನ್ನು ಎಳೆಯುವ ಕಾಯಿಲಿನ 150 ಮಿಲಿಆಂಪಿಗೆ ಅದೂ ಸಾಕಾದೀತು, ಆದರೆ ಸಿಗ್ನಲ್ ಮಂದವಾದಾಗ ಕೈಕೊಡಬಹುದು.

ಸಿಗ್ನಲ್ ವೈರಿನಿಂದ ಮೊದಲ ಡಯೋಡ್, ಅದರ ಬಿಳಿ ಪಟ್ಟಿ ಸರ್ಕ್ಯೂಟಿನ ಕಡೆಗೆ. ಅಲ್ಲಿಂದ 10ಕೆ ಮೂಲಕ ಮಾಸ್‌ಫೆಟ್‌ನ ಗೇಟಿಗೆ. ಗೇಟಿಗೂ ಅರ್ತಿಗೂ ನಡುವೆ ಕೆಪಾಸಿಟರ್, 100ಕೆ, ಜೀನರ್ ಮೂರೂ ಬರಬೇಕು. ಕೆಪಾಸಿಟರಿನ ಪ್ಲಸ್ ಮತ್ತು ಜೀನರಿನ ಪಟ್ಟಿ ಗೇಟಿನತ್ತ. ಅಕ್ಷರ ಕಾಣುವಂತೆ, ಕಾಲು ಕೆಳಗೆ ಮಾಡಿ ಹಿಡಿದರೆ ಎಡದಿಂದ ಗೇಟ್, ಡ್ರೇನ್, ಸೋರ್ಸ್. ಸೋರ್ಸ್ ಅರ್ತಿಗೆ, ಡ್ರೇನ್ ರಿಲೇಯ 85ಕ್ಕೆ (ರಿಲೇಯ ಕಾಲುಗಳಿಗೆ ನಂಬರ್ ಇರುತ್ತದೆ: 85, 86 ಕಾಯಿಲಿನವು, 30, 87 ಲೈಟಿನ ಕರೆಂಟ್ ಹಾಯುವವು). 86ಕ್ಕೆ ಇಗ್ನಿಷನ್ ಸಪ್ಲೈಯಿಂದ ಚಿಕ್ಕ ಫ್ಯೂಸ್ ಮೂಲಕ 12 ವೋಲ್ಟ್. ಎರಡನೇ ಡಯೋಡ್ ಕಾಯಿಲಿಗೆ ಅಡ್ಡಲಾಗಿ, ಪಟ್ಟಿ 86ರ ಕಡೆ. ಇದನ್ನು ಬಿಟ್ಟರೆ ರಿಲೇ ಆಫ್ ಆದಾಗ ಕಾಯಿಲ್ ಹೊಡೆಯುವ ವೋಲ್ಟೇಜಿಗೆ ಮಾಸ್‌ಫೆಟ್ ಹೋಗುತ್ತದೆ. ರಿಲೇಯಲ್ಲೇ ಡಯೋಡ್ ಇದ್ದರೆ ಹೊರಗಿನದು ಬೇಡ, ಆದರೆ ಆಗ 85, 86 ಅದಲುಬದಲಾಗಕೂಡದು.

55 ವಾಟಿನ ಎರಡು ಬಲ್ಬಿಗೆ ಸುಮಾರು 9 ಆಂಪ್ ಬೇಕು. ಬ್ಯಾಟರಿಯ ಪಕ್ಕದಲ್ಲೇ 15 ಆಂಪ್ ಫ್ಯೂಸ್ ಹಾಕಿ, 2.5 ಚದರ ಮಿಮೀ ವೈರಿನಲ್ಲಿ 30ಕ್ಕೆ ಕೊಡಿ, 87ರಿಂದ ಲ್ಯಾಂಪಿಗೆ.

ಇಷ್ಟೆಲ್ಲ ಯಾಕೆ, ಕಾಯಿಲಿಗೆ ಅಡ್ಡಲಾಗಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸಾಲದೇ ಎನ್ನುವವರಿದ್ದಾರೆ. ಸದ್ದು ನಿಲ್ಲಬಹುದು. ಆದರೆ ಖಾಲಿ ಕೆಪಾಸಿಟರ್ ಆರಂಭದಲ್ಲಿ ಎಳೆಯುವ ಕರೆಂಟನ್ನು ಮಾಡ್ಯೂಲ್ ಶಾರ್ಟ್ ಎಂದೇ ತಿಳಿದು ಆ ಲೈನನ್ನೇ ಬಂದ್ ಮಾಡಬಹುದು. ಮಾಡ್ಯೂಲ್ ಕೆಟ್ಟರಂತೂ ಫಾಗ್ ಲ್ಯಾಂಪಿಗಿಂತ ಎಷ್ಟೋ ಪಟ್ಟು ದುಡ್ಡು. ನಮ್ಮ ಸರ್ಕ್ಯೂಟ್ ಎಳೆಯುವುದು ಹೆಚ್ಚೆಂದರೆ ಒಂದೂವರೆ ಮಿಲಿಆಂಪ್.

10ಕೆ ಜಾಗಕ್ಕೆ 1ಕೆ ಹಾಕಬೇಡಿ. ಲೈಟು ಆಫ್ ಇದ್ದಾಗಲೂ ಬಲ್ಬ್ ಸರಿಯಿದೆಯೇ ಎಂದು ನೋಡಲು ಕೆಲವು ಮಾಡ್ಯೂಲ್‌ಗಳು ಚಿಕ್ಕ ಪಲ್ಸ್ ಬಿಡುತ್ತವೆ. 1ಕೆ ಇದ್ದರೆ ಅರ್ಧ ಮಿಲಿಸೆಕೆಂಡಿನ ಒಂದು ಪಲ್ಸಿಗೇ ಗೇಟ್ 4 ವೋಲ್ಟ್ ದಾಟಿ ಫಾಗ್ ಲ್ಯಾಂಪ್ ತಾನಾಗಿ ಮಿಂಚುತ್ತದೆ. 10ಕೆ ಇದ್ದರೆ 1 ವೋಲ್ಟೂ ಏರದು. ಕೆಪಾಸಿಟರನ್ನು 10 ಮೈಕ್ರೋಫ್ಯಾರಡ್ ಮಾಡಿದರೆ ಸ್ವಿಚ್ ಆಫ್ ಮಾಡಿ ಎರಡು ಸೆಕೆಂಡಾದ ಮೇಲೆ ಲೈಟು ಆರುತ್ತದೆ. 1 ಇದ್ದರೆ ಕಾಲು ಸೆಕೆಂಡೊಳಗೆ.

ಮಲೆನಾಡಿನ ಮಳೆಗೆ ಬೋರ್ಡನ್ನು ಬರಿದೇ ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ಎಪಾಕ್ಸಿ ಬಳಿದು ಹೀಟ್‌ಶ್ರಿಂಕ್ ಏರಿಸಿ. ರಿಲೇಯನ್ನು ಕಾಲು ಕೆಳಮುಖವಾಗುವಂತೆ ಕಟ್ಟಿ. ಮಾಸ್‌ಫೆಟ್‌ನ ಲೋಹದ ಬೆನ್ನು ಡ್ರೇನಿಗೇ ಸೇರಿದ್ದು. ಅದು ಗಾಡಿಯ ಬಾಡಿಗೆ ತಾಗಿದರೆ ಇಗ್ನಿಷನ್ ಆನ್ ಇರುವಷ್ಟು ಹೊತ್ತೂ ಲೈಟು ಆರುವುದೇ ಇಲ್ಲ. ಹೀಟ್‌ಸಿಂಕ್ ಬೇಕಿಲ್ಲದ ಕಾರಣ ಸ್ಕ್ರೂ ಹಾಕಿ ಬಿಗಿಯುವ ಗೋಜಿಗೇ ಹೋಗಬೇಡಿ.