ತೋಟದ ವಿದ್ಯುತ್ ಟ್ರ್ಯಾಕ್ಟರಿಗೆ ಬದಲಿ ಬ್ಯಾಟರಿ ಕೊಳ್ಳುವ ಮುನ್ನ

ಮಂಡ್ಯ, ಮದ್ದೂರು ಕಡೆ ತೆಂಗಿನ ಸಾಲುಗಳ ನಡುವೆ ಹುಲ್ಲು ಕತ್ತರಿಸಲು ಸಣ್ಣ ವಿದ್ಯುತ್ ಟ್ರ್ಯಾಕ್ಟರ್ ಬಳಸುವವರು, ಅಗ್ಗವೆಂದು ಅದಕ್ಕೆ ಕಾರಿನ ಬ್ಯಾಟರಿ ಕೂರಿಸಬಾರದು. ಎಂಜಿನ್ ಚಾಲೂ ಮಾಡಲು ಕ್ಷಣಕಾಲ ಹೆಚ್ಚು ಕರೆಂಟ್ ಕೊಡುವ ಅದರ ತೆಳುವಾದ ಪ್ಲೇಟುಗಳು, ಪದೇ ಪದೇ ಪೂರ್ತಿ ಡಿಸ್ಚಾರ್ಜ್ ಆದರೆ ಬೇಗನೆ ಕೆಡುತ್ತವೆ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಇದನ್ನು ತಾಳುತ್ತದಾದರೂ ಎತ್ತರ ಹೆಚ್ಚಿರುವುದರಿಂದ ಎಷ್ಟೋ ಗಾಡಿಗಳಲ್ಲಿ ಮುಚ್ಚಳವೇ ಮುಚ್ಚುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇ-ರಿಕ್ಷಾಗಳಿಗೆಂದು ಮಾರುವ 12 ವೋಲ್ಟ್ ಬ್ಯಾಟರಿಗಳೇ ಸೂಕ್ತ. 36 ವೋಲ್ಟಿನ ಗಾಡಿಗೆ ಮೂರು, 48 ವೋಲ್ಟಿನದಕ್ಕೆ ನಾಲ್ಕು ಬ್ಯಾಟರಿಗಳನ್ನು ಸರಣಿಯಲ್ಲಿ, ಅಂದರೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರಿಸಿ, ಜೋಡಿಸಬೇಕು.

ಬ್ಯಾಟರಿಯ ಚೀಟಿಯ ಮೇಲಿನ ಆಂಪಿಯರ್-ಅವರ್ (ಎಷ್ಟು ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ) ಅಂಕಿಯನ್ನು ಮಾತ್ರ ನೋಡಿ ಹಣ ಕೊಡಬೇಡಿ. 100 ಆಂಪಿಯರ್-ಅವರ್ ಪಕ್ಕದಲ್ಲಿ ಸಿ20 ಎಂದಿದ್ದರೆ, ಅದು 5 ಆಂಪಿಯರಿನಂತೆ 20 ಗಂಟೆ ಎಳೆದಾಗಿನ ಲೆಕ್ಕ. ದಟ್ಟ ಹುಲ್ಲಿನಲ್ಲಿ ಮೋಟಾರು 50 ಆಂಪಿಯರ್ ಎಳೆಯುವಾಗ ಅದೇ ಬ್ಯಾಟರಿ ಎರಡು ಗಂಟೆ ಖಂಡಿತ ಬಾರದು. ಆದ್ದರಿಂದ ಸಿ5, ಅಂದರೆ 5 ಗಂಟೆಯಲ್ಲಿ ಬರಿದು ಮಾಡಿದಾಗಿನ ಅಂಕಿಯನ್ನು ಕೇಳಿ ಹೋಲಿಸಿ. ಎಲ್ಲವೂ ಒಂದೇ ತಿಂಗಳಲ್ಲಿ ತಯಾರಾದವೇ ಎಂದು ನೋಡಿಕೊಳ್ಳಿ. ಹಳೆಯದೊಂದನ್ನು ಹೊಸದರ ಜೊತೆ ಸೇರಿಸಿದರೆ ಸೋತದ್ದೇ ಮೊದಲು ಬರಿದಾಗಿ ಇಡೀ ಸರಣಿಯನ್ನು ಕೆಡಿಸುತ್ತದೆ.

ಮೇಲೆ ಹೇಳಿದ ಸೀಸದ ಬ್ಯಾಟರಿಗಳಿಗಿಂತ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹೆಚ್ಚು ಬಾಳುತ್ತದೆ, ಆದರೆ ಬೆಲೆಯೂ ಹೆಚ್ಚು, ಚಾರ್ಜರನ್ನೂ ಅದಕ್ಕೆ ಹೊಂದುವಂತೆ ಬದಲಿಸಬೇಕು. ಜೊತೆಗೆ ತೂಕ ಬಹಳ ಇಳಿಯುವುದರಿಂದ, ನಾಲೆ ನೀರು ಹರಿದ ತೇವದ ನೆಲದಲ್ಲಿ ಹಿಂದಿನ ಚಕ್ರಗಳು ಜಾರಬಹುದು. ಲಿಥಿಯಂ ಹಾಕಿಸಿದವರು ಗಾಡಿಯ ಹಿಂಭಾಗಕ್ಕೆ ತೂಕ ಕಟ್ಟಬೇಕಾಗುತ್ತದೆ. ಹಳೆಯ ಸೀಸದ ಬ್ಯಾಟರಿಗಳನ್ನು ಅಂಗಡಿಗೇ ಮರಳಿಸಿ, ಅವುಗಳ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಿ.