ಗುಟ್ಟಿನ ರಾತ್ರಿ ಹಾರಾಟಕ್ಕೆ ಕಾಗದದ ಬಿಸಿಗಾಳಿ ಬಲೂನು

ಮಕ್ಕಳಿಗೆ ಸುಳಿವೇ ಕೊಡದೆ ಆಳೆತ್ತರದ ಬಲೂನೊಂದನ್ನು ಮನೆಯಲ್ಲಿ ಮಾಡಿಟ್ಟುಕೊಂಡು, ರಾತ್ರಿ ಅವರನ್ನು ಎಬ್ಬಿಸಿ ಕರೆದೊಯ್ದು ಹಾರಿಸಬಹುದು. ಆದರೆ ಅಕ್ಕಪಕ್ಕದವರಿಗೆ ಮೊದಲೇ ಹೇಳಿರಿ. ಗುಟ್ಟು ಮಕ್ಕಳಿಗೆ ಮಾತ್ರ. ಮನುಷ್ಯರನ್ನು ಹೊರುವ ಬಲೂನನ್ನು ಮನೆಯಲ್ಲಿ ಹೊಲಿಯುವ ಯೋಚನೆ ಬೇಡವೇ ಬೇಡ. ಕಾಗದದ ಬಲೂನಿನೊಳಗೂ ಮೇಣದಬತ್ತಿ ಇಡಬೇಡಿ. ಉರಿಯುತ್ತಾ ಹೋದದ್ದು ಯಾರ ಬಣವೆಯ ಮೇಲೆ ಇಳಿಯುತ್ತದೋ ಹೇಳಲಾಗದು. ನೆಲದ ಮೇಲೆ ಬಿಸಿಗಾಳಿ ತುಂಬಿ, ದಾರ ಕಟ್ಟಿ ಬಿಡಿ.

50×75 ಸೆಂ.ಮೀ. ಅಳತೆಯ ಟಿಶ್ಯೂ ಪೇಪರ್ 24 ಹಾಳೆ ಬೇಕು. ಚದರ ಮೀಟರಿಗೆ 17 ಗ್ರಾಂ ತೂಗುವಂಥದ್ದು ಸರಿ. ಕ್ರೇಪ್ ಕಾಗದ ಭಾರ. ಅಂಟಿಗೆ ಗ್ಲೂ ಸ್ಟಿಕ್ ಒಳ್ಳೆಯದು. ಮೈದಾ ಅಂಟಿನ ನೀರಿಗೆ ತೆಳು ಕಾಗದ ಸುಕ್ಕುಗಟ್ಟಿ ಹರಿಯುತ್ತದೆ.

ಮೂರು ಹಾಳೆಗಳನ್ನು ಉದ್ದಕ್ಕೆ, 2 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿದರೆ 221 ಸೆಂ.ಮೀ. ಪಟ್ಟಿ. ಇಂಥ ಎಂಟು ಪಟ್ಟಿ ಮಾಡಿ, ಪ್ರತಿಯೊಂದನ್ನೂ ಉದ್ದುದ್ದ ಮಡಚಿ. ಮಡಿಕೆಯ ಅಂಚಿನಿಂದ ಅಗಲ ಹೀಗೆ ಗುರುತಿಸಿ: ತುದಿಯಲ್ಲಿ 0, ಅಲ್ಲಿಂದ 30 ಸೆಂ.ಮೀ. ಕೆಳಗೆ 12, 60ಕ್ಕೆ 20.5, 90ಕ್ಕೆ 24.5, 120ಕ್ಕೆ 22.5, 150ಕ್ಕೆ 18, 180ಕ್ಕೆ 12, ಕೊನೆಯಲ್ಲಿ 5.5. ಚುಕ್ಕಿಗಳನ್ನು ನುಣುಪಾದ ಬಾಗುಗೆರೆಯಲ್ಲಿ ಸೇರಿಸಿ ಕತ್ತರಿಸಿ.

ಮಡಚಿದ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಪಕ್ಕದ ಎರಡು ಅಂಚುಗಳನ್ನು 1 ಸೆಂ.ಮೀ. ಅಗಲಕ್ಕೆ ಅಂಟಿಸುತ್ತಾ ಹೋಗಿ. ಒಳಗಿನ ಪದರಗಳು ಅಂಟಿಕೊಳ್ಳದಂತೆ ನಡುವೆ ಹಳೆ ಪತ್ರಿಕೆ ಇಡಿ. ಕೊನೆಗೆ ಮೊದಲ ಪಟ್ಟಿಯ ಅಂಚಿಗೂ ಎಂಟನೆಯದರ ಅಂಚಿಗೂ ಅಂಟು. ನೆತ್ತಿಗೆ 12 ಸೆಂ.ಮೀ. ದುಂಡನೆಯ ತೇಪೆ, ಅದರಲ್ಲಿ ದಾರದ ಕುಣಿಕೆ. ಬಾಯಿಗೆ 25 ಸೆಂ.ಮೀ. ಅಡ್ಡಳತೆಯ ಬೈಂಡಿಂಗ್ ವೈರ್ ಬಳೆ. ಈ ಬಳೆಯ ತೂಕ ಇಲ್ಲದಿದ್ದರೆ ಬಲೂನು ಮಗುಚಿ ಬಿಸಿಗಾಳಿಯನ್ನೆಲ್ಲ ಕಕ್ಕುತ್ತದೆ.

ಸೋರಿಕೆ ಪರೀಕ್ಷೆಯನ್ನು ಬಿಡಲೇಬೇಡಿ. ಕತ್ತಲ ಕೋಣೆಯಲ್ಲಿ ಒಳಗೆ ಎಲ್‌ಇಡಿ ಟಾರ್ಚ್ ಹಿಡಿದರೆ ತೂತುಗಳು ಚುಕ್ಕಿಯಂತೆ ಹೊಳೆಯುತ್ತವೆ. ಸೋರಿಕೆ ಏನು ಮಾಡೀತು ಎಂಬುದಕ್ಕೆ ಒಂದು ಉದಾಹರಣೆ: 1979ರ ಸೆಪ್ಟೆಂಬರ್ 16ರ ಬೆಳಗಿನ ಜಾವ ಪೂರ್ವ ಜರ್ಮನಿಯಿಂದ ಸ್ಟ್ರೆಲ್‌ಝಿಕ್ ಮತ್ತು ವೆಟ್ಜೆಲ್ ಕುಟುಂಬಗಳ ಎಂಟು ಮಂದಿ ಮನೆಯಲ್ಲಿ ಹೊಲಿದ ಬಲೂನಿನಲ್ಲಿ ಗಡಿ ದಾಟಿದ್ದರು. ಅವರ ಮೊದಲ ಬಲೂನು ಏಳಲೇ ಇಲ್ಲ, ಹತ್ತಿ ಬಟ್ಟೆಯಲ್ಲಿ ಗಾಳಿ ನಿಲ್ಲಲಿಲ್ಲ.

ಲೆಕ್ಕ ಹೀಗಿದೆ. ಬಲೂನಿನ ಗಾತ್ರ ಸುಮಾರು 1.1 ಘನ ಮೀಟರ್, ತೂಕ 115ರಿಂದ 125 ಗ್ರಾಂ. ಬೆಂಗಳೂರಿನ ಎತ್ತರದಲ್ಲಿ ಹೊರಗೆ 20 ಡಿಗ್ರಿ, ಒಳಗೆ 80 ಡಿಗ್ರಿ ಸೆಲ್ಸಿಯಸ್ ಇದ್ದರೆ ಎತ್ತುವ ಬಲ 200 ಗ್ರಾಂ ಆಸುಪಾಸು. ನಾಣ್ಯದಂಥ ಗುಂಡು ಸೆಲ್ಲಿಗೆ ಸಿಕ್ಕಿಸಿದ ಪುಟ್ಟ ಎಲ್‌ಇಡಿಯನ್ನು ಬಳೆಗೆ ಕಟ್ಟಿದರೆ ಇಡೀ ಬಲೂನು ಬೆಳಗುತ್ತದೆ, ಹೆಚ್ಚುವ ತೂಕ ಕೆಲವೇ ಗ್ರಾಂ.

ಬಿಸಿ ಮಾಡಲು 2000 ವಾಟ್ ಹೀಟ್ ಗನ್, ಅಂದರೆ ಬಿಸಿಗಾಳಿ ಊದುವ ಕೈಯಂತ್ರ, ಬೇಕು. ಅದನ್ನು 16 ಆಂಪಿಯರ್ ಪ್ಲಗ್ಗಿಗೇ ಹಾಕಿ, ತೆಳು ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಕಾಯ್ದು ಕರಗುತ್ತದೆ. ಗನ್ನಿನ ಮೂತಿಯನ್ನು ನೇರ ಕಾಗದಕ್ಕೆ ಹಿಡಿದರೆ ಕ್ಷಣದಲ್ಲಿ ಬೆಂಕಿ. ಇಟ್ಟಿಗೆಗಳ ಮೇಲೆ 15 ಸೆಂ.ಮೀ. ಅಗಲ, 1 ಮೀಟರ್ ಉದ್ದದ ತಗಡಿನ ಕೊಳವೆ ಅಲುಗದಂತೆ ನಿಲ್ಲಿಸಿ, ಕೆಳಗೆ 5 ಸೆಂ.ಮೀ. ಸಂದು ಬಿಟ್ಟು ಗನ್ ಇಡಿ. ಸಂದಿನಿಂದ ತಣ್ಣನೆ ಗಾಳಿಯೂ ಸೇರಿಕೊಳ್ಳುತ್ತದೆ. ಕೊಳವೆಯ ಮೇಲ್ತುದಿಯಲ್ಲಿ ಕಾಗದದ ಚೂರೊಂದನ್ನು ಇಕ್ಕಳದಲ್ಲಿ ಒಂದು ನಿಮಿಷ ಹಿಡಿಯಿರಿ. ಕಂದಿದರೆ ಶಾಖ ತಗ್ಗಿಸಿ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಗನ್ನಿಗೆ ಮಾತ್ರ ನೀರು ಹಾಕಬೇಡಿ, ಮೊದಲು ಪ್ಲಗ್ ಕೀಳಿ.

ವಿದ್ಯುತ್ ತಂತಿ, ಮರ, ವಿಮಾನ ನಿಲ್ದಾಣ ಹತ್ತಿರವಿಲ್ಲದ ಬಯಲು ಆರಿಸಿ. ಊದುಬತ್ತಿಯ ಹೊಗೆ ಮೊಳದುದ್ದ ನೆಟ್ಟಗೆ ಏರಬೇಕು, ಇಲ್ಲವಾದರೆ ಆ ರಾತ್ರಿ ಬಿಟ್ಟುಬಿಡಿ. ನಸುಕಿನಲ್ಲಿ ಗಾಳಿ ಕಡಿಮೆ, ಆದರೆ ಚಳಿಗಾಲದಲ್ಲಿ ಇಬ್ಬನಿ ಕಾಗದವನ್ನು ಮೆತ್ತಗಾಗಿಸುತ್ತದೆ. ಹೀಗಾಗಿ ಬಿಸಿ ಮಾಡುವವರೆಗೂ ಪ್ಲಾಸ್ಟಿಕ್ ಚೀಲದಿಂದ ಹೊರತೆಗೆಯಬೇಡಿ.

ಒಬ್ಬರು ಬಿದಿರಿನ ಗಳುವಿನಿಂದ ನೆತ್ತಿಯ ಕುಣಿಕೆ ಎತ್ತಿ ಹಿಡಿಯಲಿ, ಇಬ್ಬರು ಬಳೆಯನ್ನು ಕೊಳವೆಯ ಬಾಯಿಗಿಂತ ಒಂದು ಗೇಣು ಮೇಲೆ ಹಿಡಿಯಲಿ. ಮೊದಲು ತಣ್ಣನೆ ಗಾಳಿಯಿಂದ ಮಡಿಕೆ ಬಿಡಿಸಿ, ಆಮೇಲೆ ಎರಡು–ಮೂರು ನಿಮಿಷ ಬಿಸಿಗಾಳಿ. ಬಳೆ ಕೈಯನ್ನು ಮೇಲಕ್ಕೆಳೆಯತೊಡಗಿದಾಗ ಗಳುವಿನಿಂದ ಕುಣಿಕೆ ಬಿಡಿಸಿ, ಇಬ್ಬರೂ ಒಟ್ಟಿಗೆ ಕೈಬಿಡಿ. ಬಳೆಗೆ ಕಟ್ಟಿದ 30 ಮೀಟರ್ ಹೊಲಿಗೆ ದಾರ ಸಲೀಸಾಗಿ ಬಿಚ್ಚಿಕೊಳ್ಳಲಿ. ತೆಳು ಕಾಗದ ಬೇಗ ತಣಿಯುವುದರಿಂದ ಒಂದು ನಿಮಿಷದೊಳಗೆ ಇಳಿಯತೊಡಗುತ್ತದೆ. ಆಗ ದಾರವನ್ನು ಜಗ್ಗಬೇಡಿ, ಬಳೆ ಕಿತ್ತುಬರುತ್ತದೆ, ಸಡಿಲವಾದಷ್ಟನ್ನೇ ಸುತ್ತಿಕೊಳ್ಳಿ. ಹರಿದಲ್ಲಿ ಅದೇ ಕಾಗದದ ತೇಪೆ ಹಾಕಿ ಮತ್ತೆ ತುಂಬಬಹುದು.