ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಮರಳಿತಾ? ಹೊಟ್ಟೆ ಕೊಯ್ಯದ ಚಿಕಿತ್ಸೆ ಕೇಳುವುದು ಹೀಗೆ

ವಿಪಲ್ ಆಪರೇಷನ್ (ಗ್ರಂಥಿಯ ತಲೆಭಾಗ, ಅದಕ್ಕೆ ಅಂಟಿದ ಕರುಳು, ಪಿತ್ತನಾಳದ ತುಂಡು ತೆಗೆದು ಉಳಿದದ್ದನ್ನು ಜೋಡಿಸುವುದು) ಆಗಿ ಆರಾಮಾಗಿದ್ದವರಿಗೆ ಮತ್ತೆ ಬೆನ್ನುನೋವು ಶುರುವಾಗುತ್ತದೆ, ತೂಕ ಇಳಿಯುತ್ತದೆ, ರಕ್ತಪರೀಕ್ಷೆಯಲ್ಲಿ ಸಿಎ 19-9 (ಈ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಹೆಚ್ಚಾಗಬಲ್ಲ ಒಂದು ಅಂಶ) ಏರಿರುತ್ತದೆ. ಈ ಕ್ಯಾನ್ಸರ್‌ನಲ್ಲಿ ಇದು ಅಪರೂಪ ಅಲ್ಲ. ಆಪರೇಷನ್ ಆದವರಲ್ಲಿ ಹೆಚ್ಚಿನವರಿಗೆ ರೋಗ ಮರಳುತ್ತದೆ, ಅದೂ ಬಹುತೇಕ 2 ವರ್ಷದೊಳಗೆ. ಆಗ ಮನೆಯವರು ಕೇಳುವುದು ಒಂದೇ: "ಇನ್ನೊಮ್ಮೆ ಕೊಯ್ಯದೆ ಏನಾದ್ರೂ ಮಾಡ್ಲಿಕ್ಕೆ ಉಂಟಾ ಡಾಕ್ಟ್ರೇ?" ಉಂಟು, ಆದರೆ ಎಲ್ಲರಿಗೂ ಅಲ್ಲ.

ಮೊದಲು ಕಾಗದಪತ್ರ ಸೇರಿಸಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್ಸ್, ಬಯಾಪ್ಸಿ ರಿಪೋರ್ಟ್, ಹಳೆಯ ಸಿಟಿ ಸ್ಕ್ಯಾನ್‌ನ ಸಿಡಿ. ಬರೀ ಫಿಲ್ಮ್ ಸಾಲದು, ಯಾಕಂದರೆ ಹಳೆಯ ಮತ್ತು ಹೊಸ ಸ್ಕ್ಯಾನ್ ಪಕ್ಕಪಕ್ಕ ಇಟ್ಟು ನೋಡಿದರೇ ಅದು ಹಳೆಯ ಗಾಯದ ಕಲೆಯೋ ಹೊಸ ಗಡ್ಡೆಯೋ ಅಂತ ಅಂದಾಜಾಗುವುದು. ಸಿಎ 19-9 ಒಂದನ್ನೇ ನೋಡಿ ಕಂಗಾಲಾಗಬೇಡಿ. 37ರೊಳಗಿದ್ದರೆ ಸಾಮಾನ್ಯ ಅಂತ ಲೆಕ್ಕ, ಆದರೆ ಪಿತ್ತನಾಳ ಕಟ್ಟಿ ಕಾಮಾಲೆಯಾದರೂ ಅದು ಏರುತ್ತದೆ, ಕೆಲವರ ದೇಹದಲ್ಲಿ ತಯಾರೇ ಆಗುವುದಿಲ್ಲ.

ಆಮೇಲೆ ಕೇಳಬೇಕಾದ್ದು: ಗಡ್ಡೆ ಒಂದೇ ಕಡೆ ಇದೆಯಾ, ಹರಡಿದೆಯಾ? ಮಂಗಳೂರು, ದೇರಳಕಟ್ಟೆ, ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಅಲ್ಲಿ ಸರ್ಜನ್, ಕೀಮೋ ಡಾಕ್ಟರು, ರೇಡಿಯೇಷನ್‌ನವರು, ಸ್ಕ್ಯಾನ್ ನೋಡುತ್ತಾ ಗಡ್ಡೆಗೇ ಸೂಜಿ ಇಳಿಸಿ ಚಿಕಿತ್ಸೆ ಕೊಡುವವರು ಎಲ್ಲ ಒಟ್ಟಿಗೆ ಕೂತು ಕೇಸ್ ನೋಡ್ತಾರಾ ಅಂತ ವಿಚಾರಿಸಿ. ಹರಡಿದ್ದರೆ ಕೀಮೋವೇ ಮುಖ್ಯ, ಸೂಜಿ ಚಿಕಿತ್ಸೆ ಅದರ ಜಾಗ ತುಂಬುವುದಿಲ್ಲ. ಒಂದೇ ಕಡೆ ಇದ್ದರೂ ಸಾಮಾನ್ಯವಾಗಿ ಕೀಮೋ ಬೇಕೇ ಬೇಕು.

ಒಂದೇ ಕಡೆ ಇದ್ದರೆ ಎಸ್‌ಬಿಆರ್‌ಟಿ ಅನ್ನುವ, ಗಡ್ಡೆಗೇ ಗುರಿಯಿಟ್ಟು ಜೋರಾಗಿ ಕೊಡುವ ರೇಡಿಯೇಷನ್ ಇದೆ, ಹೆಚ್ಚಾಗಿ 5 ಸಲದಲ್ಲಿ ಮುಗಿಯುತ್ತದೆ. ಲಿವರ್‌ನಲ್ಲಿ ಒಂದೆರಡು ಸಣ್ಣ ಗಡ್ಡೆ ಮಾತ್ರ ಇದ್ದರೆ, ಅದೂ 3 ಸೆಂಟಿಮೀಟರ್ ಒಳಗೆ, ಸೂಜಿಯಿಂದ ಬಿಸಿ ಕೊಟ್ಟು ಸುಡುವ ದಾರಿಯನ್ನು ಆಯ್ದ ಕೆಲವರಲ್ಲಿ ಯೋಚಿಸುತ್ತಾರೆ. ಗ್ರಂಥಿಯ ಜಾಗದಲ್ಲಿ ಆ ಬಿಸಿ ಅಪಾಯ, ಪಕ್ಕದಲ್ಲೇ ದೊಡ್ಡ ರಕ್ತನಾಳ, ಕರುಳು. ಅದಕ್ಕೇ ಅಲ್ಲಿ ಕರೆಂಟಿನ ಮಿಡಿತ ಕೊಟ್ಟು ಜೀವಕೋಶದ ಪೊರೆಗೆ ತೂತು ಮಾಡುವ ಐಆರ್‌ಇ ವಿಧಾನ ಬಂದದ್ದು. ಪೂರ್ತಿ ಅನಸ್ತೇಷಿಯಾ ಬೇಕು, ರಕ್ತಸ್ರಾವದಂಥ ತೊಂದರೆಯೂ ಆಗಬಹುದು. ಸೂಜಿ ಅಂದ ಕೂಡಲೇ ಸಣ್ಣ ಕೆಲಸ ಅಂದುಕೊಳ್ಳಬೇಡಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ.

ಕಾಮಾಲೆ ಬಂದರೆ? ವಿಪಲ್ ಆದ ಮೇಲೆ ಕರುಳಿನ ದಾರಿ ಬದಲಾಗಿರುವುದರಿಂದ ಬಾಯಿಯಿಂದ ಎಂಡೋಸ್ಕೋಪ್ ಹಾಕಿ ಪಿತ್ತನಾಳ ಮುಟ್ಟುವುದು ಕಷ್ಟ. ಪಕ್ಕೆಯಿಂದ ಲಿವರ್ ಮೂಲಕ ಕೊಳವೆ ಇಳಿಸಿ ಪಿತ್ತ ಹೊರಗೆ ಬಿಡುತ್ತಾರೆ, ಆಮೇಲೆ ಸಾಧ್ಯವಾದರೆ ಒಳಗೆ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ನಳಿಗೆ). ಕೊಳವೆ ಇರುವಾಗ ಚಳಿಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ.

ದುಡ್ಡಿನ ವಿಷಯ: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ನಿಮಗೆ ಹೇಳಿದ ಚಿಕಿತ್ಸೆ ಅದರಲ್ಲಿ ಬರುತ್ತದಾ, ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿ ಜಿಲ್ಲಾಸ್ಪತ್ರೆಯ ಪತ್ರ ಬೇಕಾ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಇನ್ನು ನೋವು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ, ಜನ ಕೇಳದೆ ಬಿಡುವುದೂ ಇದನ್ನೇ. ಹೊಟ್ಟೆಯಿಂದ ಬೆನ್ನಿಗೆ ಕೊರೆಯುವ ಆ ನೋವಿನ ಸುದ್ದಿ ಸಾಗುವುದು ಬೆನ್ನುಮೂಳೆಯ ಮುಂದಿರುವ ಸೀಲಿಯಾಕ್ ನರಗಳ ಗುಂಪಿನಿಂದ. ಬೆನ್ನಿನಿಂದ ಸಿಟಿ ನೋಡುತ್ತಾ, ಇಲ್ಲವೇ ಹೊಟ್ಟೆಯೊಳಗೆ ಅಲ್ಟ್ರಾಸೌಂಡ್ ಎಂಡೋಸ್ಕೋಪ್ ಇಳಿಸಿ, ಅಲ್ಲಿಗೆ ಮರಗಟ್ಟಿಸುವ ಔಷಧಿ, ಮತ್ತೆ ಆಲ್ಕೋಹಾಲ್ ಬಿಡುತ್ತಾರೆ. ಹಲವರಿಗೆ ಕೆಲವು ತಿಂಗಳು ನೋವು ತಗ್ಗುತ್ತದೆ, ಮಾರ್ಫಿನ್ ಮಾತ್ರೆಯೂ ಕಡಿಮೆ ಸಾಕಾಗಬಹುದು. ಸ್ವಲ್ಪ ದಿನ ಭೇದಿ ಆಗಬಹುದು, ಬಿಪಿ ಇಳಿಯಬಹುದು, ಹಾಗಾಗಿ ಹಾಸಿಗೆಯಿಂದ ಒಮ್ಮೆಲೇ ಏಳಬಾರದು. ಮಾತ್ರೆಗಳೆಲ್ಲ ಸೋತ ಮೇಲೆ ನೋಡೋಣ ಅಂತ ಬಿಡಬೇಡಿ, ನೋವು ಶುರುವಾದಾಗಲೇ ಕೇಳಿ.